ಬ್ಯೂಲಾಳ ಜಾಗ

ಏಪ್ರಿಲ್ ಇಪ್ಪತ್ತೆರಡು. ಕೊಟ್ಟಿಗೆಯ ಬಡಗು ಗೋಡೆಗೆ
ಒಂದು ಮಂಚದಷ್ಟು ಹಿಮ ಇನ್ನೂ ಒರಗಿದೆ,
ಕೊಳೆ ಹಿಡಿದು, ನಾಯಿಯೂ ಮೂಸದ ಹಾಗೆ.
ಮೇನ್‌ನಲ್ಲಿ ವಸಂತ ಅಂದರೆ ಕೆಸರು, ಬೇರೇನಿಲ್ಲ.
ಅಂಚೆಯ ಗಾಡಿ ತಿರುವಿನಲ್ಲೇ ನಿಂತು ಹಾರನ್ ಹೊಡೆದರೆ
ಮೇಪಲ್ ಮರಗಳ ನಡುವೆ ಕಾಲು ಕೀಳುತ್ತಾ ಹೋಗಬೇಕು.
ಕರೆಂಟು ಬಿಲ್ಲು ತಂದೆ.
ಎಡಗಾಲಿನ ಬೂಟು ಕೊಟ್ಟು ಬಂದೆ.

ಬಟ್ಟೆ ಒಗೆಯುವ ಯಂತ್ರದ ಮೇಲೆ ಮೊಸರಿನ ಖಾಲಿ ಡಬ್ಬಿಗಳಲ್ಲಿ
ನಲವತ್ತೊಂದು ಟೊಮೆಟೊ ಸಸಿ.
ಯಂತ್ರ ಗಿರಗಿರ ತಿರುಗಿದಾಗ ಅವೂ ನಡುಗುತ್ತವೆ.
ಗಾಳಿಗೆ ಅಭ್ಯಾಸವಾಗಲಿ ಬಿಡು, ಅನ್ನುತ್ತಾನೆ ಕ್ಲೇಟನ್.
ಅವನ ಮಾತೇ ಹಾಗೆ,
ಅರ್ಧ ತಮಾಷೆ, ಅರ್ಧ ಸೋಮಾರಿತನ.

ಈ ಮಣ್ಣು ಕಲ್ಲು ಹೆರುತ್ತದೆ.
ಚಳಿಗಾಲವೆಲ್ಲ ಬಸುರು, ಹಿಮ ಕರಗಿದರೆ ಬಾಣಂತನ ನಮಗೆ.
ಬಟಾಣಿಯ ಪಾತಿಯೊಂದರಿಂದಲೇ ಹದಿನೇಳು ಬಕೆಟ್!
ವೆಸ್ಲಿ ಬಕೆಟಿಗೆ ಕಾಲು ಡಾಲರಿನಂತೆ ಒಪ್ಪಿಕೊಂಡವನು
ಆರನೆಯದಕ್ಕೆ ಮುಷ್ಕರ ಹೂಡಿದ.
ಕಾಡಿನಂಚಿನ ಹಳೇ ಕಲ್ಲುಗೋಡೆ ಯಾರು ಕಟ್ಟಿದ್ದೋ
ಎಂದು ಮೊದಲ ವರ್ಷ ಬೆರಗಾಗಿದ್ದೆ.
ಯಾರೂ ಕಟ್ಟಿಲ್ಲ. ಬೇಸತ್ತು ಎಸೆದಿದ್ದಾರೆ.

ನಾವು ಕೊಂಡು ಒಂಬತ್ತು ವರ್ಷ.
ಸೌದೆಯವನಿಗೆ ಫೋನಿನಲ್ಲಿ ನನ್ನ ಹೆಸರು ಹೇಳಿದರೆ ಮೌನ;
ಬ್ಯೂಲಾಳ ಜಾಗ ಅಂದರೆ,
'ಓಹೋ, ಹಾಗನ್ನಿ! ಎಷ್ಟು ಲೋಡು?'

ಮೇ ಬಂತೆಂದರೆ ಬ್ಯೂಲಾ ಬರುತ್ತಾಳೆ,
ಪಟ್ಟಣದ ಎರಡನೇ ಮಹಡಿಯಿಂದ, ತುಕ್ಕು ಹಿಡಿದ ನೀಲಿ ಕಾರಿನಲ್ಲಿ.
ಬಾಗಿಲು ತಟ್ಟುವವಳಲ್ಲ. ನೇರ ಹಿತ್ತಿಲಿಗೆ,
ರೂಬಾರ್ಬಿನ ಬುಡಕ್ಕೆ.
ಕೆಸುವಿನಂಥ ಅಗಲ ಎಲೆ, ಅದು ವಿಷ;
ಕೆಂಪು ದಂಟು ಮಾತ್ರ ನಮ್ಮದು, ಹಲ್ಲು ಚುಳ್ಳೆನ್ನುವ ಹುಳಿ.
ಅವಳ ಅತ್ತೆ ನೆಟ್ಟದ್ದಂತೆ. ಅತ್ತೆಗೆ ಯಾರು ಕೊಟ್ಟರೋ.
ಎರಡೇ ದಂಟು, ಚಾಕು ತಾಗಿಸದೆ ತಿರುಚಿ ಕಿತ್ತು,
ಆಮೇಲೆ ತಪಾಸಣೆ:
ಬಟಾಣಿ ತಡವಾಯ್ತು.
ಬೆಳ್ಳುಳ್ಳಿಗೆ ಇಷ್ಟು ಬೂದಿಯೇ?
ಇದು ಬೇಲಿಯಲ್ಲ, ಜಿಂಕೆಗೆ ಹೊಸಿಲು.
ಮೊದಮೊದಲು ಒಳಗೇ ಕುದಿಯುತ್ತಿದ್ದೆ.
ನಾಲ್ಕನೇ ವರ್ಷದಿಂದ, ನಾಚಿಕೆ ಬಿಟ್ಟು ಹೇಳುತ್ತೇನೆ,
ಅವಳು ಬರುವ ವಾರ ಕಳೆ ಕೀಳತೊಡಗಿದೆ.

ಈ ಸಲ ಏಪ್ರಿಲ್‌ನಲ್ಲೇ ಬಂದಳು.
ಕಾರನ್ನು ತಿರುವಿನಲ್ಲಿ ಬಿಟ್ಟು ನಡೆದೇ.
ಒಂದು ಕೈಯಲ್ಲಿ ಪೇಂಟಿನ ಬಕೆಟ್, ತಳಕ್ಕೆ ಮೊಳೆ ಹೊಡೆದ ತೂತು.
ಇನ್ನೊಂದರಲ್ಲಿ ನನ್ನ ಬೂಟು.
'ಬಾಲ್ಕನಿಗೆ ಬೆಳಗಿನ ಬಿಸಿಲು ಬೀಳುತ್ತೆ' ಅಂದಳು,
ಕೊಟ್ಟಿಗೆಯ ಮಾಡು ನೋಡುತ್ತಾ.
ಇಷ್ಟು ವರ್ಷಕ್ಕೆ ಅವಳು ಕೇಳಿದ್ದು ಇದೊಂದೇ.
ಕೇಳಿದ್ದೂ ಅಲ್ಲ ಅನ್ನಿ.

ಎಲೆ ಬಿಟ್ಟಿರಲಿಲ್ಲ ಇನ್ನೂ. ಸುಕ್ಕು ಸುಕ್ಕು ಕೆಂಪು ಗಂಟು,
ಒಳಗಿನಿಂದ ಯಾರೋ ನೆಲಕ್ಕೆ ಗುದ್ದಿದ ಹಾಗೆ.
ಕ್ಲೇಟನ್ ಗುದ್ದಲಿ ಹಾಕಿದ, ಕಲ್ಲು.
ಪಕ್ಕಕ್ಕೆ ಹಾಕಿದ, ಮತ್ತೆ ಕಲ್ಲು.
'ಕೊಡಿಲ್ಲಿ' ಅಂದಳು ಬ್ಯೂಲಾ.
ಎಲ್ಲಿ ಕಲ್ಲಿಲ್ಲವೆಂದು ಅವಳಿಗೆ ಗೊತ್ತಿತ್ತು.
ಕಾಲಿಟ್ಟು ಒತ್ತಿದಳು:
ಕುಂಬಳ ಸೀಳಿದ ಸದ್ದು,
ತೊಡೆ ಗಾತ್ರದ ಬೇರು ಎರಡು ಪಾಲು.

ತಳ್ಳುಗಾಡಿಯಲ್ಲಿ ತಿರುವಿನವರೆಗೆ ನೂಕಿದೆವು.
ಬಕೆಟ್ಟನ್ನು ಮುಂದಿನ ಸೀಟಿನಲ್ಲಿ ಕೂರಿಸಿ
ಬೆಲ್ಟು ಹಾಕಿದಳು, ಎಳೆದು ನೋಡಿದಳು.
ಇಂಜಿನ್ ಕೆಮ್ಮಿತು. ಕಿಟಕಿ ಅರ್ಧ ಇಳಿಯಿತು.
'ಈ ವರ್ಷ ನಿನ್ನದನ್ನು ಕೀಳಬೇಡ,
ಬೇರು ನಿಲ್ಲಲಿ.'

ನಿನ್ನದನ್ನು, ಅಂದಳಲ್ಲ?
ಕ್ಲೇಟನ್‌ಗೆ ಕೇಳಿಸಲಿಲ್ಲವಂತೆ.

ಗುಂಡಿಯ ಕಲ್ಲೆರಡನ್ನೂ ಗೋಡೆಯ ಕಡೆ ಎಸೆದೆ.
ಹಳ್ಳದಲ್ಲಿ ಕಪ್ಪೆಗಳು ಶುರು ಹಚ್ಚಿಕೊಂಡಿವೆ.
ಯಂತ್ರದಲ್ಲಿ ಮೂವರ ಕೆಸರು ಕಾಲುಚೀಲ,
ಮೇಲೆ ನಲವತ್ತೊಂದು ಸಸಿ
ಗಾಳಿ ಕಲಿಯುತ್ತಿವೆ.